ಬೆಟ್ಟದ ತಿರುವಿನ ಕಬ್ಬಿಣದ ತಡೆಪಟ್ಟಿ ಕಾರನ್ನು ನಿಜಕ್ಕೂ ತಡೆಯುತ್ತಾ?

ಇಳಿಜಾರು_ಪಯಣ:
ಕಂದಕದ ಅಂಚಿಗೆ ಕೆಲವು ಕಡೆ ಅಲೆಯಂಥ ಕಬ್ಬಿಣದ ಪಟ್ಟಿ, ಕೆಲವು ಕಡೆ ಕಾಂಕ್ರೀಟ್ ಗೋಡೆ, ಇನ್ನು ಕೆಲವು ಕಡೆ ಬರೀ ಬಣ್ಣ ಬಳಿದ ಕಲ್ಲು. ಮೂರೂ ಒಂದೇ ಕೆಲಸ ಮಾಡುತ್ತವಾ? ಪಟ್ಟಿ ಎಷ್ಟು ವೇಗದವರೆಗೆ ತಡೆದೀತು? ಜೊತೆಗೆ, 15 ಕಿ.ಮೀ. ಕಡಿದಾದ ಇಳಿಕೆಗೆ ಮ್ಯಾನ್ಯುಯಲ್ ಪೆಟ್ರೋಲ್ ಕಾರಿನಲ್ಲಿ ಯಾವ ಗೇರ್ ಸರಿ? ನಾಲ್ಕನೇ ಗೇರಿನಲ್ಲಿದ್ದು ಬ್ರೇಕ್ ಮೇಲೆ ಹಗುರವಾಗಿ ಕಾಲಿಟ್ಟುಕೊಂಡೇ ಇಳಿದರೆ ಸಾಲದೇ?

ಕಂಬ_ಬೋಲ್ಟು:
ಪಟ್ಟಿ ಇರುವುದು ಕಾರನ್ನು ನಿಲ್ಲಿಸಲಿಕ್ಕಲ್ಲ, ಒರೆಸಿಕೊಂಡು ಹೋಗುವಂತೆ ಮಾಡಿ ರಸ್ತೆಯ ಕಡೆಗೆ ತಿರುಗಿಸಲಿಕ್ಕೆ. ಹಾಗಾಗಿ ವೇಗದಷ್ಟೇ ಗುದ್ದುವ ಕೋನವೂ ಮುಖ್ಯ. ಯುರೋಪಿನ ಇಎನ್ 1317 ಮಾನದಂಡದ ಎನ್2 ದರ್ಜೆಯ ಪರೀಕ್ಷೆಯಲ್ಲಿ 1500 ಕೆ.ಜಿ. ಕಾರನ್ನು ಗಂಟೆಗೆ 110 ಕಿ.ಮೀ. ವೇಗದಲ್ಲಿ, 20 ಡಿಗ್ರಿ ಕೋನದಲ್ಲಿ ಹೊಡೆಸುತ್ತಾರೆ. ಆಗ ಪಟ್ಟಿಯ ಮೇಲೆ ಅಡ್ಡಲಾಗಿ ಬೀಳುವ ಶಕ್ತಿ ಸುಮಾರು 82 ಕಿಲೋಜೂಲ್. ಅದೇ ಕಾರು ಹೇರ್‌ಪಿನ್‌ನಲ್ಲಿ (ಪೂರ್ತಿ ಹಿಂದಕ್ಕೆ ತಿರುಗುವ ಕಡಿದಾದ ತಿರುವಿನಲ್ಲಿ) ತಿರುಗಲಾಗದೆ 60 ಡಿಗ್ರಿಯಲ್ಲಿ, ಬರೀ 60 ಕಿ.ಮೀ. ವೇಗದಲ್ಲಿ ನುಗ್ಗಿತು ಅನ್ನಿ. ಲೆಕ್ಕ 156 ಕಿಲೋಜೂಲ್‌ಗೆ ಹೋಗುತ್ತದೆ, ಹತ್ತಿರ ಹತ್ತಿರ ಎರಡು ಪಟ್ಟು! ವೇಗ 40ಕ್ಕೆ ಇಳಿದಿದ್ದರೆ ಸುಮಾರು 70. ಪಟ್ಟಿಯನ್ನು ನಂಬಬಹುದೋ ಇಲ್ಲವೋ ಎನ್ನುವುದು ತಿರುವಿಗೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ.

ಹಾಕುವಾಗಿನ ತಪ್ಪುಗಳೂ ಇವೆ. ಕಂಬದ ಹಿಂದೆ ಸುಮಾರು 60 ಸೆಂ.ಮೀ. ಗಟ್ಟಿ ಮಣ್ಣು ಬೇಕು. ಅಂಚು ಕುಸಿದಿದ್ದರೆ ಕಂಬ ಬಾಗುವ ಬದಲು ಬುಡಸಮೇತ ಕಿತ್ತು ಬರುತ್ತದೆ. ಒಂದು ಪಟ್ಟಿಯ ತುದಿ ಮುಂದಿನದರ ಮೇಲೆ, ವಾಹನ ಸಾಗುವ ದಿಕ್ಕಿಗೇ ಹೊದಿಸಿರಬೇಕು. ತಿರುಗುಮುರುಗಾದರೆ ಅಂಚು ಕಾರಿನ ಮೈಗೆ ಸಿಕ್ಕಿಕೊಳ್ಳುತ್ತದೆ. ಪಟ್ಟಿಗೂ ಕಂಬಕ್ಕೂ ನಡುವೆ ಇಡುವ ತುಂಡು ಅಲಂಕಾರಕ್ಕಲ್ಲ, ಚಕ್ರ ಕಂಬಕ್ಕೆ ಸಿಕ್ಕಿಕೊಳ್ಳದಿರಲಿ ಎಂದು. ಎಲ್ಲಕ್ಕಿಂತ ಹೆಚ್ಚು ಕಣ್ತಪ್ಪುವುದು ಎತ್ತರ: ರಸ್ತೆಗೆ ಮತ್ತೆ ಮತ್ತೆ ಡಾಂಬರು ಹಾಕಿದಂತೆ ಪಟ್ಟಿ ತಗ್ಗಾಗುತ್ತದೆ, ಕಾರು ಮೇಲೇರಿ ದಾಟುತ್ತದೆ.

ಕಾರು ಗುದ್ದಿದಾಗ ಪಟ್ಟಿ ಹಿಂದಕ್ಕೆ ಬಾಗುತ್ತದೆ, ಅದಕ್ಕೆ ಜಾಗ ಬೇಕು. ಜಾಗವೇ ಇಲ್ಲದ ಅಂಚಿಗೆ ಕಾಂಕ್ರೀಟೇ ಸರಿ. ಆದರೆ ಅದು ಬಗ್ಗುವುದಿಲ್ಲ, ಪೆಟ್ಟೆಲ್ಲ ಒಳಗಿದ್ದವರಿಗೆ. ಬಣ್ಣದ ಕಲ್ಲು ರಸ್ತೆಯ ಅಂಚು ತೋರಿಸುವ ಗುರುತು, ಅಷ್ಟೇ.

ಎರಡನೇ_ಗೇರ್:
ಕಾಲಿಟ್ಟುಕೊಂಡೇ ಇಳಿಯುವುದೇ ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. 15 ಕಿ.ಮೀ. ಇಳಿಕೆ ಸರಾಸರಿ ನೂರಕ್ಕೆ 6 ಇದ್ದರೆ ಕಾರು 900 ಮೀಟರ್ ಕೆಳಗಿಳಿಯುತ್ತದೆ. ಜನ ಸೇರಿ 1200 ಕೆ.ಜಿ. ಎಂದರೆ ಬಿಡುಗಡೆಯಾಗುವ ಶಕ್ತಿ ಸುಮಾರು 10.6 ಮೆಗಾಜೂಲ್. 36 ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಅಷ್ಟು ಸಾಕು. ಗಾಳಿ, ಟೈರು ಒಂದಿಷ್ಟು ತಿನ್ನುತ್ತವೆ. ಉಳಿದದ್ದನ್ನು ಎಂಜಿನ್‌ಗೆ ವಹಿಸದಿದ್ದರೆ ಎಲ್ಲವೂ ಬ್ರೇಕಿಗೆ.

ಹತ್ತುವಾಗ ಯಾವ ಗೇರ್ ಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಿರಿ. ಇಂಥ ರಸ್ತೆಗೆ ಸಾಮಾನ್ಯವಾಗಿ ಎರಡು, ಹೇರ್‌ಪಿನ್‌ಗೆ ಕೆಲವೊಮ್ಮೆ ಒಂದು. ಎಂಜಿನ್ ನಿಮಿಷಕ್ಕೆ 3000–4000 ಸುತ್ತಿನಲ್ಲಿ ಕೂಗಿದರೆ ಗಾಬರಿ ಬೇಡ, ಮೀಟರಿನ ಕೆಂಪು ಗೆರೆ ಮುಟ್ಟದಿದ್ದರೆ ಸಾಕು. ವೇಗ ಹೆಚ್ಚಾದಾಗ 3 ಸೆಕೆಂಡ್ ಗಟ್ಟಿಯಾಗಿ ಬ್ರೇಕ್ ಒತ್ತಿ, ವೇಗವನ್ನು ಗಂಟೆಗೆ 8–10 ಕಿ.ಮೀ.ಯಷ್ಟು ತಗ್ಗಿಸಿ, ಪೂರ್ತಿ ಬಿಡಿ.

ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಕಾದಿದೆ. ಪೆಡಲ್ ಸ್ಪಂಜಿನಂತೆ ಒಳಗೆ ಹೋದರೆ ಬ್ರೇಕ್ ಆಯಿಲ್ ಕುದಿದು ಆವಿಯಾಗಿದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯದೆ ಕನಿಷ್ಠ 230 ಡಿಗ್ರಿ ತಡೆಯಬೇಕು, ನೂರಕ್ಕೆ 3.7ರಷ್ಟು ನೀರು ಹೀರಿಕೊಂಡಾಗ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಇದಕ್ಕೇ.

ಇಳಿಜಾರು_ಪಯಣ:
ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುತ್ತೆ ಅಂತಾರಲ್ಲ? ಮತ್ತೆ, ಬ್ರೇಕ್ ಪೂರ್ತಿ ಕೈಕೊಟ್ಟರೆ?

ಎರಡನೇ_ಗೇರ್:
ಉಳಿಯುವುದಿಲ್ಲ. ಇಂಜೆಕ್ಷನ್ ಎಂಜಿನ್‌ನಲ್ಲಿ ಗೇರ್ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಹರಿಯುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಐಡಲಿಂಗ್‌ಗೆ ಬೇಕೇ ಬೇಕು. ಎಂಜಿನ್ ಆಫ್ ಮಾಡಿದರಂತೂ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಬೂಸ್ಟರ್ (ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಭಾಗ) ಖಾಲಿ.

ಬ್ರೇಕ್ ಹೋದರೆ ಪೆಡಲನ್ನು ಬೇಗ ಬೇಗ ಪಂಪ್ ಮಾಡಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿಹಿಡಿದೇ ಸ್ವಲ್ಪ ಸ್ವಲ್ಪ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂಚಕ್ರ ಜಾರುತ್ತದೆ.

ಕಂಬ_ಬೋಲ್ಟು:
ಅದಕ್ಕೊಂದು ಸೇರಿಸುತ್ತೇನೆ. ಏನನ್ನಾದರೂ ತಾಗಿಸಲೇಬೇಕೆಂದರೆ ಬೆಟ್ಟದ ಬದಿಯ ದಿಣ್ಣೆಗೆ ಓರೆಯಾಗಿ ಒರೆಸಿ, ವೇಗ ಇನ್ನೂ ಏರುವ ಮೊದಲೇ. ಕಂದಕದ ಕಡೆಯ ಪಟ್ಟಿ ಕೊನೆಯ ಆಯ್ಕೆ, ಅದಕ್ಕೂ ಓರೆಯಾಗಿಯೇ.

ಇಳಿಜಾರು_ಪಯಣ:
ಸುಟ್ಟ ವಾಸನೆ ಬಂದರೆ ನಿಲ್ಲಿಸಿ ನೀರು ಹಾಕಬಹುದಾ?

ಎರಡನೇ_ಗೇರ್:
ನಿಲ್ಲಿಸಿ, ನೀರು ಮಾತ್ರ ಬೇಡ, ಡಿಸ್ಕ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಸಮತಟ್ಟು ಜಾಗದಲ್ಲಿ ಮೊದಲ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಬಿಡಿ. ನಿಂತ ಮೇಲೂ ಡಿಸ್ಕಿನ ಬಿಸಿ ಆಯಿಲ್‌ಗೆ ಹರಿಯುತ್ತಿರುತ್ತದೆ. ಹೊರಡುವ ಮೊದಲು ಪೆಡಲ್ ಒತ್ತಿ ನೋಡಿ, ಮೆತ್ತಗಿದ್ದರೆ ಕಾರನ್ನು ಕದಲಿಸಬೇಡಿ.