ಐಇಪಿ ಮೀಟಿಂಗ್‌ಗೆ ಅಡ್ವೊಕೇಟ್ ಕರೆದುಕೊಂಡು ಹೋದರೆ ಶಾಲೆಯವರಿಗೆ ಬೇಜಾರಾಗುತ್ತಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದಲ್ಲಿ ಇದ್ದೇವೆ. ಮಗನಿಗೆ ಆಟಿಸಂ ಇದೆ, ಎರಡನೇ ಕ್ಲಾಸು. ಈಗ ವಾರಕ್ಕೆ 60 ನಿಮಿಷ ಸ್ಪೀಚ್ ಥೆರಪಿ ಸಿಗುತ್ತಿದೆ, ಅದನ್ನು 30ಕ್ಕೆ ಇಳಿಸುತ್ತೇವೆ ಅನ್ನುತ್ತಿದ್ದಾರೆ. ಮುಂದಿನ ತಿಂಗಳು ಐಇಪಿ ಮೀಟಿಂಗ್, ಅಂದರೆ ಮಗನಿಗೆ ಶಾಲೆಯಲ್ಲಿ ಕೊಡುವ ವಿಶೇಷ ಶಿಕ್ಷಣದ ಯೋಜನೆಯನ್ನು ತೀರ್ಮಾನಿಸುವ ಸಭೆ. ಆ ಕಡೆ ಐದಾರು ಜನ ಕೂತಿರುತ್ತಾರೆ, ಈ ಕಡೆ ನಾವಿಬ್ಬರೇ, ಏನು ಕೇಳಬೇಕೋ ತೋಚದೆ ಎಲ್ಲದಕ್ಕೂ ಹೂಂ ಅಂದು ಬರುತ್ತೇವೆ. ಇಂಥ ಮೀಟಿಂಗ್‌ನಲ್ಲಿ ತಂದೆತಾಯಿಗೆ ನೆರವಾಗುವ ಅಡ್ವೊಕೇಟ್ (ವಕೀಲರಲ್ಲ) ಒಬ್ಬರು ಇರಲಿ ಅಂದರೆ ನಮ್ಮ ಮನೆಯವರು ಬೇಡ ಅನ್ನುತ್ತಾರೆ. ಟೀಚರ್‌ಗೆ ಸಿಟ್ಟು ಬಂದರೆ ಮಗು ಮೇಲೆ ತೀರಿಸಿಕೊಳ್ಳುತ್ತಾರೆ ಅಂತ ಅವರಿಗೆ ಭಯ.

ಉತ್ತರ: ಧೈರ್ಯವಾಗಿ ಕರೆದುಕೊಂಡು ಹೋಗಿ. ಮಗುವಿನ ಬಗ್ಗೆ ತಿಳಿದವರನ್ನು ಅಥವಾ ವಿಷಯ ಗೊತ್ತಿರುವವರನ್ನು ತಂದೆತಾಯಿ ಕರೆಯಬಹುದು ಅಂತ ಅಮೆರಿಕದ ವಿಶೇಷ ಶಿಕ್ಷಣದ ಕಾನೂನಾದ ಐಡಿಇಎ ಕಾಯ್ದೆಯಲ್ಲೇ ಇದೆ. ಅವರಿಗೆ ಆ ತಿಳಿವಳಿಕೆ ಇದೆಯಾ ಅಂತ ತೀರ್ಮಾನಿಸುವುದೂ ಕರೆದವರೇ, ಶಾಲೆ ಅಲ್ಲ. ಯಾರು ಬರುತ್ತಾರೆ ಅಂತ ಮೊದಲೇ ಒಂದು ಇಮೇಲ್ ಹಾಕಿಬಿಡಿ. ನಾನೂ ಇಂಥ ಅಡ್ವೊಕೇಟೇ, ವಕೀಲೆ ಅಲ್ಲ, ನನ್ನಂಥವರಿಗೆ ಲೈಸೆನ್ಸ್ ಅಂತ ಏನೂ ಇಲ್ಲ, ಹಾಗಾಗಿ ಎಲ್ಲಿ ಕಲಿತಿರಿ, ಎಂಥ ಕೇಸು ನೋಡಿದ್ದೀರಿ ಅಂತ ವಿಚಾರಿಸಿಯೇ ಒಪ್ಪಿಕೊಳ್ಳಿ. ಜಗಳ ಮಾಡಿಯೇ ಗೆಲ್ಲುತ್ತೇನೆ ಅನ್ನುವವರು ಬೇಡವೇ ಬೇಡ.

ನಿಜ ಹೇಳಬೇಕೆಂದರೆ ನಮ್ಮ ಕೆಲಸ ಜಾಸ್ತಿ ಇರುವುದು ಮೀಟಿಂಗ್‌ಗೂ ಮುಂಚೆ. ಮಗನ ದಾಖಲೆಗಳನ್ನೆಲ್ಲ, ಸ್ಪೀಚ್ ಥೆರಪಿಯ ಪ್ರಗತಿ ವರದಿ ಸಮೇತ, ಇವತ್ತೇ ಬರೆದು ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ರಜೆ ಬಿಟ್ಟು 5 ದಿನದೊಳಗೆ ಕೊಡಬೇಕು. ಬಂದ ಮೇಲೆ ಐಇಪಿಯಲ್ಲಿ ಬರೆದ ಗುರಿಗೂ ವರದಿಯ ಲೆಕ್ಕಕ್ಕೂ ತಾಳೆ ಹಾಕಿ. ಯಾರೂ ನೆನಪಿಸದೆ 5ರಲ್ಲಿ 4 ಸಲ ಮಗು ತನಗೆ ಬೇಕಾದ್ದನ್ನು ಪೂರ್ತಿ ವಾಕ್ಯದಲ್ಲಿ ಕೇಳಬೇಕು ಅಂತ ಗುರಿ ಇದ್ದು, ಹಾಳೆಯಲ್ಲಿ 5ರಲ್ಲಿ 2 ಅಂತಿದ್ದರೆ ನಿಮಿಷ ಇಳಿಸುವುದು ಯಾವ ಆಧಾರದ ಮೇಲೆ? ಮೀಟಿಂಗ್‌ನಲ್ಲಿ ಇದನ್ನು ಕೇಳಿ ಸುಮ್ನಿರಿ, ಅವರು ಹೇಳಲಿ. 'ತುಂಬಾ ಇಂಪ್ರೂವ್ ಆಗಿದ್ದಾನೆ' ಅನ್ನುವುದು ಉತ್ತರ ಅಲ್ಲ. ನಿಮ್ಮ ಮಾತು ಒಪ್ಪದಿದ್ದರೆ ಕಾರಣವನ್ನು ಬರೆದು ಕೊಡಲೇಬೇಕು, 'ಪ್ರಯರ್ ರಿಟನ್ ನೋಟಿಸ್' ಕೊಡಿ ಅಂತ ಆ ಹೆಸರು ಹೇಳಿಯೇ ಕೇಳಿ.

ಅಲ್ಲೇ ಕೂತು ಸಹಿ ಹಾಕಬೇಡಿ. ಮನೆಗೆ ತಂದು ಓದಿ, ಒಪ್ಪಿಗೆಯಾದ ಭಾಗಕ್ಕೆ ಮಾತ್ರ ಸಹಿ ಹಾಕಬಹುದು. ನೀವು ಒಪ್ಪದ ತನಕ ಹಳೆಯ 60 ನಿಮಿಷವೇ ನಡೆಯುತ್ತದೆ.

ಮನೆಯವರ ಭಯ ನನಗೆ ಅರ್ಥವಾಗುತ್ತೆ. ಆದರೆ ಎಷ್ಟೋ ಟೀಚರ್‌ಗಳಿಗೆ ಮಗುವಿಗೆ ಇನ್ನೂ ಸಹಾಯ ಸಿಗಲಿ ಅಂತಲೇ ಇರುತ್ತೆ, ಮೇಲಿನವರ ಎದುರು ಬಾಯಿಬಿಟ್ಟು ಹೇಳಲು ಆಗುವುದಿಲ್ಲ, ಅಷ್ಟೇ.

ಇನ್ನೊಬ್ಬರ ಪ್ರಶ್ನೆ: ಅಕ್ಕಾ, ಅಡ್ವೊಕೇಟ್ ಫೀಸ್ ಶಾಲೆಯಿಂದ ವಾಪಸ್ ಸಿಗುತ್ತಾ? ನನ್ನ ಇಂಗ್ಲಿಷ್ ಬೇರೆ ಅಷ್ಟಕ್ಕಷ್ಟೇ.

ಉತ್ತರ: ಫೀಸ್ ನಿಮ್ಮ ಕೈಯಿಂದಲೇ. ನ್ಯೂಯಾರ್ಕ್ ರಾಜ್ಯದ ಮರ್ಫಿ ದಂಪತಿ ಶಾಲೆಯ ಮೇಲೆ ಕೇಸ್ ಗೆದ್ದಿದ್ದರೂ, ಅವರಿಗೆ ನೆರವಾದ ಕನ್ಸಲ್ಟೆಂಟ್ ಫೀಸನ್ನು ಶಾಲೆ ಕೊಡಬೇಕಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ದುಡ್ಡು ಕಷ್ಟ ಅಂದರೆ ನಿಮ್ಮ ರಾಜ್ಯದ ಪೇರೆಂಟ್ ಸೆಂಟರ್‌ಗೆ (ಇಂಥ ಮಕ್ಕಳ ತಂದೆತಾಯಿಗೆ ನೆರವಾಗುವ ಕೇಂದ್ರ) ಫೋನ್ ಮಾಡಿ. ಫೆಡರಲ್ ಸರ್ಕಾರದ ದುಡ್ಡಲ್ಲಿ ಪ್ರತಿ ರಾಜ್ಯದಲ್ಲೂ ನಡೆಯುತ್ತೆ, ಸಲಹೆ ಪುಕ್ಕಟೆ. ಇನ್ನು ಭಾಷೆ. ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಈಗಲೇ ಬರೆದು ಕೇಳಿ, ಶಾಲೆಯೇ ತನ್ನ ಖರ್ಚಲ್ಲಿ ಏರ್ಪಾಡು ಮಾಡಬೇಕು. ಮನೆಯ ದೊಡ್ಡ ಮಕ್ಕಳನ್ನು ಕೂರಿಸಿ ಹೇಳಿಸುವುದು ಬೇಡ, ತಮ್ಮನದೋ ತಂಗಿಯದೋ ಬಗ್ಗೆ ಅಲ್ಲಿ ಏನೇನೋ ಮಾತು ಬರುತ್ತೆ.