ಲಕ್ಷ್ಮಣಫಲದ ಎಲೆ, ಬೀಜ ಮತ್ತು ಕಷಾಯ: ಔಷಧವಿಜ್ಞಾನಿಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಲಕ್ಷ್ಮಣಫಲವು ಕೀಮೋಥೆರಪಿಗಿಂತ ಹತ್ತು ಸಾವಿರ ಪಟ್ಟು ಪ್ರಬಲವೆಂಬ ಸಂದೇಶ ನಮ್ಮ ಗುಂಪಿಗೆ ಬಂದಿದೆ. ನಿಜವೇ?

ಉತ್ತರ: ನಮಸ್ಕಾರ. ಆ ಸಂಖ್ಯೆ 1996ರ ಒಂದು ಪ್ರಯೋಗದ್ದು. ಬೀಜದಿಂದ ಬೇರ್ಪಡಿಸಿದ, ಅಸಿಟೋಜೆನಿನ್ ಎಂಬ ವರ್ಗದ ಒಂದು ರಾಸಾಯನಿಕ ಸಂಯುಕ್ತವನ್ನು, ಪ್ರಯೋಗಾಲಯದಲ್ಲಿ ಬೆಳೆಸಿದ ದೊಡ್ಡಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಅಡ್ರಿಯಾಮೈಸಿನ್ ಎಂಬ ಕೀಮೋಥೆರಪಿ ಔಷಧದೊಂದಿಗೆ ಹೋಲಿಸಿದ್ದರು. ಅದರಲ್ಲಿ ರೋಗಿಗಳು ಯಾರೂ ಇರಲಿಲ್ಲ.

ಪ್ರಶ್ನೆ: ಎಪ್ಪತ್ತು ದಾಟಿದ ನಮ್ಮ ತಂದೆಯವರು ಎರಡು ವರ್ಷಗಳಿಂದ ದಿನಕ್ಕೆ ಮೂರು ಲೋಟ ಎಲೆಯ ಕಷಾಯ ಕುಡಿಯುತ್ತಿದ್ದಾರೆ. ಈಚೆಗೆ ಕಾಲೆಳೆದು ನಡೆಯುತ್ತಾರೆ, ಅಂಗಿಯ ಗುಂಡಿ ಹಾಕಲು ತಡಕಾಡುತ್ತಾರೆ, ಎರಡು ಸಲ ಬಿದ್ದಿದ್ದಾರೆ. ವಯಸ್ಸಿನ ಕಾರಣವಿರಬಹುದೇ?

ಉತ್ತರ: ವಯಸ್ಸು ಎಂದು ಸುಮ್ಮನಾಗಬೇಡಿ. ಕಷಾಯವನ್ನು ಇಂದೇ ನಿಲ್ಲಿಸಿ, ನರರೋಗ ತಜ್ಞರನ್ನು ಕಾಣಿರಿ ಮತ್ತು ಎಷ್ಟು ಕಾಲದಿಂದ ಎಷ್ಟು ಕುಡಿದಿದ್ದಾರೆಂಬುದನ್ನು ಬರೆದುಕೊಂಡು ಹೋಗಿರಿ. ನನ್ನ ಆತಂಕಕ್ಕೆ ಕಾರಣವಿದೆ. ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ, ಸಾಮಾನ್ಯ ಪಾರ್ಕಿನ್ಸನ್ ಔಷಧಕ್ಕೆ ಸರಿಯಾಗಿ ಬಗ್ಗದ, ಬೇಗನೆ ಸಮತೋಲನ ತಪ್ಪಿಸುವ, ಪಾರ್ಕಿನ್ಸನ್ ಅನ್ನು ಹೋಲುವ ನರರೋಗ ಅಸಹಜ ಪ್ರಮಾಣದಲ್ಲಿ ಕಂಡುಬಂದಿತ್ತು. ಅದಕ್ಕೂ ಈ ಹಣ್ಣು ಮತ್ತು ಎಲೆಯ ಸೇವನೆಗೂ ನಂಟಿದೆಯೆಂದು 1999ರಲ್ಲಿ ವೈದ್ಯರು ವರದಿ ಮಾಡಿದರು. ಈ ಗಿಡದ ಅನೋನಾಸಿನ್ ಎಂಬ ಸಂಯುಕ್ತವು ಕೋಶದೊಳಗೆ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯದ ಮೊದಲ ಕಿಣ್ವ ಸಂಕೀರ್ಣವನ್ನೇ ತಡೆಯುವುದರಿಂದ ಕೋಶಕ್ಕೆ ಶಕ್ತಿ ಸಿಗದಂತಾಗುತ್ತದೆ. ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಇದೇ ಗುಣ, ನರಕೋಶಕ್ಕೆ ಹಾನಿ ಮಾಡುವುದೂ ಇದೇ ಗುಣ. ಇಲಿಗಳ ರಕ್ತಕ್ಕೆ ಅನೋನಾಸಿನ್ ಅನ್ನು ಸತತವಾಗಿ ಸೇರಿಸಿದಾಗ ಮಿದುಳಿನಲ್ಲಿ ನರಕೋಶಗಳು ನಶಿಸಿದವು. ಮನುಷ್ಯರಲ್ಲಿ ಇದೇ ಕಾರಣವೆಂದು ಸಿದ್ಧವಾಗಿಲ್ಲ, ಆದರೆ ನಿಮ್ಮ ತಂದೆಯವರ ಲಕ್ಷಣಗಳಿಗೆ ಈ ಸಂಶಯವೇ ಸಾಕು.

ಸದಸ್ಯ: ಹಿರಿಯರು ತಿಂದುಕೊಂಡು ಬಂದ ಹಣ್ಣು ಇದು. ಔಷಧ ಕಂಪನಿಗಳು ಗಿಡಮೂಲಿಕೆಯ ಸತ್ಯವನ್ನು ಮುಚ್ಚಿಡುತ್ತವೆ.

ಇನ್ನೊಬ್ಬ ಸದಸ್ಯೆ: ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟೀನ್ ಅನ್ನು 1963ರಿಂದ ಕ್ಯಾನ್ಸರ್ ಔಷಧವಾಗಿ ಕೊಡುತ್ತಿದ್ದಾರೆ. ಅದೂ ಗಿಡವೇ ಅಲ್ಲವೇ? ಅದನ್ನೇಕೆ ಮುಚ್ಚಿಡಲಿಲ್ಲ?

ಸದಸ್ಯ: ತಾವು ಕಂಪನಿಯವರ ಪರವಾಗಿ ಮಾತನಾಡುತ್ತಿದ್ದೀರಿ.

ಇನ್ನೊಬ್ಬ ಸದಸ್ಯೆ: ಬಿದ್ದವರು ಒಬ್ಬರ ತಂದೆ. ಅವರೆದುರು ಈ ಮಾತು ಶೋಭಿಸುವುದಿಲ್ಲ.

ಪ್ರಶ್ನೆ: ಎಲೆಯ ಪುಡಿ ತುಂಬಿದ ಕ್ಯಾಪ್ಸೂಲ್ ಕಷಾಯಕ್ಕಿಂತ ಸುರಕ್ಷಿತವೇ?

ಪ್ರಶ್ನೆ: ಹೇನಿಗೆಂದು ಸೀತಾಫಲದ ಬೀಜ ಅರೆದು ಮಗಳ ತಲೆಗೆ ಹಚ್ಚಿದೆವು. ಕಣ್ಣಿಗೆ ಇಳಿದು ಕೆಂಪಾಗಿದೆ, ಕಣ್ಣು ತೆರೆಯಲಾಗುತ್ತಿಲ್ಲ.

ಉತ್ತರ: ಶುದ್ಧ ನೀರನ್ನು ಕನಿಷ್ಠ ಹದಿನೈದು ನಿಮಿಷ ಕಣ್ಣಿಗೆ ಸತತವಾಗಿ ಹರಿಸಿ, ಕೂಡಲೇ ಕಣ್ಣಿನ ವೈದ್ಯರ ಬಳಿ ಕರೆದೊಯ್ಯಿರಿ. ಎದೆಹಾಲು, ಜೇನು, ಎಣ್ಣೆ ಯಾವುದನ್ನೂ ಹಾಕಬೇಡಿ. ಸೀತಾಫಲವೂ ಲಕ್ಷ್ಮಣಫಲದ ಕುಲದ್ದೇ; ಅದರ ಬೀಜದ ರಸದಿಂದ ಕಣ್ಣಿನ ಪಾರದರ್ಶಕ ಮುಂಪದರವಾದ ಕಾರ್ನಿಯ ಗಾಯಗೊಳ್ಳುತ್ತದೆ. ಇದನ್ನು ಮನೆಮದ್ದೆಂದು ಹಂಚುವವರು ಇನ್ನಾದರೂ ನಿಲ್ಲಿಸಿರಿ.

ಪ್ರಶ್ನೆ: ಮೇಡಂ, ಕ್ಯಾನ್ಸರ್‌ಗೆ ಹತ್ತು ಸಾವಿರ ಪಟ್ಟು ಎಂಬ ಸಂದೇಶ...

ಉತ್ತರ: ಮೊದಲ ಉತ್ತರ ಓದಿರಿ.

ಸದಸ್ಯ: ಒಬ್ಬರು ಕೇಳಿದರೆ ಸೌಜನ್ಯದಿಂದ ಉತ್ತರಿಸಬೇಕು.

ಉತ್ತರ: ಮಗುವಿನ ತಾಯಿ ಇನ್ನೂ ಮರಳಿ ಬರೆದಿಲ್ಲ. ಕಣ್ಣು ತೊಳೆದಿರಾ, ತಾಯಿ? ಅದನ್ನು ತಿಳಿಸಿರಿ.