ಓದದ ‘ಕೆ’ ಯಾಕೆ ಬರೆಯಬೇಕು?

ಪ್ರಶ್ನೆ (ಬಸವನಗುಡಿಯಿಂದ ಒಬ್ಬ ಅಮ್ಮ):
ಮಗಳು ನಾಲ್ಕನೇ ಕ್ಲಾಸು. ‘ಕೆ’, ‘ಎನ್’ ಸೇರಿ ಶುರುವಾಗುವ 10 ಇಂಗ್ಲಿಷ್ ಪದಗಳನ್ನು ಅರ್ಥದ ಜೊತೆ ಬರೆಯಬೇಕಂತೆ. ನೈಫ್, ನಾಟ್, ನೀ, ನಾಕ್ ಆಯಿತು. ನಿನ್ನೆ ಚಪಾತಿ ಹಿಟ್ಟು ನಾದುತ್ತಾ ‘ನೀಡ್’ ಬರಿ ಅಂದೆ. ಅವಳು ‘ಎನ್’ನಿಂದ ಶುರು ಮಾಡಿದಳು, ‘ಬೇಕು’ ಅಂತಾಯಿತು! ಆಗಿನಿಂದ ಒಂದೇ ಹಠ: ‘ಓದದ ಅಕ್ಷರ ಯಾಕೆ ಬರೆಯಬೇಕು?’ ಕನ್ನಡ ಓದುವ ಮಗು ಕೇಳುವುದು ಸರಿಯೇ ಅಲ್ವಾ? ಏನು ಹೇಳಲಿ?

ಉತ್ತರ 1 (ನಿವೃತ್ತ ಮೇಷ್ಟ್ರು, ಮಲ್ಲೇಶ್ವರ):
ಆ ‘ಕೆ’ ಸುಮ್ನೆ ಬಂದದ್ದಲ್ಲ ತಾಯಿ. ಹಿಂದೆ ಇಂಗ್ಲಿಷಿನಲ್ಲಿ ಅದನ್ನು ಓದುತ್ತಿದ್ದರು. ಜರ್ಮನ್ನರು ಮಂಡಿಗೆ ಈಗಲೂ ‘ಕ್ನೀ’ ಅಂತಾರೆ. ಇಂಗ್ಲಿಷರ ಬಾಯಲ್ಲಿ ಅದು ಬಿದ್ದುಹೋಯಿತು, ಬರವಣಿಗೆಯಲ್ಲಿ ಉಳಿಯಿತು. ಇನ್ನೂ ಸೊಗಸು ಕೇಳಿ. ಮಂಡಿಯ ‘ನೀ’ಯೂ ಸಂಸ್ಕೃತದ ‘ಜಾನು’ವೂ ಒಂದೇ ಬೇರಿನವು. ಆಜಾನುಬಾಹು ಅಂತೀವಲ್ಲ, ಅದೇ ಜಾನು. ತಿಳಿಯುವುದು ಅನ್ನುವ ‘ನೋ’ಗೂ ನಮ್ಮ ‘ಜ್ಞಾನ’ಕ್ಕೂ ಅಂಥದೇ ನಂಟು. ಮಗುವಿಗೆ ಇದನ್ನು ಖಂಡಿತ ಹೇಳಿ.

ಉತ್ತರ 2:
ನಕಲ್ ಸೇರಿಸಿ ಅಕ್ಕಾ, ಬೆರಳಿನ ಗೆಣ್ಣು. ನೋಲ್ ಅಂದರೆ ಸಣ್ಣ ದಿಣ್ಣೆ. ನಿಟ್ ಅಂದರೆ ಉಲ್ಲನ್ ಹೆಣೆಯುವುದು.

ಬಸವನಗುಡಿಯ ಅಮ್ಮ:
ಮೇಷ್ಟ್ರೇ, ಮಂಡಿ ಹಿಡಿದುಕೊಂಡು ‘ಕ್ನೀ, ಕ್ನೀ’ ಅಂತ ಮನೆಯೆಲ್ಲಾ ಓಡಾಡುತ್ತಿದ್ದಾಳೆ. 9 ಆಯಿತು. ಇನ್ನೊಂದು ಯಾರಾದರೂ ಹೇಳಿ, ಬೆಳಗ್ಗೆ 8ಕ್ಕೆ ವ್ಯಾನ್ ಬರುತ್ತೆ.